ಮಂಡೆ ಬೆಚ್ಚ ಎಂದರೆ ಜ್ವರವಲ್ಲ

ಕೇಳುಗರಿಗೆ ನಮಸ್ಕಾರ.

ಚಿಕಿತ್ಸಾ ಮನಶ್ಶಾಸ್ತ್ರಜ್ಞರಾಗಲು ಏನು ಓದಬೇಕೆಂದು ಮಂಗಳೂರಿನ ವಿದ್ಯಾರ್ಥಿಗಳು ನನ್ನನ್ನು ಕೇಳುವುದುಂಟು. ಸ್ನಾತಕೋತ್ತರ ಪದವಿ, ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯುಳ್ಳ ಚಿಕಿತ್ಸಾ ತರಬೇತಿ, ಆಮೇಲೆ ನೋಂದಣಿ. ಆದರೆ ಬುಡಕಟ್ಟಿನವರ ನಡುವೆ ಕೆಲಸ ಮಾಡಬೇಕೆನ್ನುವವರಿಗೆ ಇಷ್ಟು ಸಾಲದು.

ತರಬೇತಿಯ ದಿನಗಳಲ್ಲಿ, ಘಟ್ಟದ ಮೇಲಿನಿಂದ ಬಂದ ನಾನು ಉಡುಪಿ ಸಮೀಪದ, ಕೊರಗ ಬುಡಕಟ್ಟಿನವರ ಕಾಲೊನಿಯೊಂದಕ್ಕೆ ಪ್ರಶ್ನಾವಳಿ ಹಿಡಿದು ಹೋಗಿದ್ದೆ. ಅಂಗಳದಲ್ಲಿ ಕಾಡುಬಳ್ಳಿಯ ಬುಟ್ಟಿ ಹೆಣೆಯುತ್ತಿದ್ದ ಹಿರಿಯ ಮಹಿಳೆಯೊಬ್ಬರು ಕಣ್ಣೆತ್ತದೆ, ಪ್ರತಿಯೊಂದು ಪ್ರಶ್ನೆಗೂ ತುಳುವಿನಲ್ಲಿ 'ಇಜ್ಜಿ', ಅಂದರೆ ಇಲ್ಲ, ಎನ್ನುತ್ತಿದ್ದರು. ಬೇಸರ ಇಜ್ಜಿ, ಭಯ ಇಜ್ಜಿ. ಕೊನೆಗೆ ತಾವಾಗಿಯೇ 'ಮಂಡೆ ಬೆಚ್ಚ' ಎಂದರು. ನಾನು ಜ್ವರವೆಂದು ಬರೆದುಕೊಂಡೆ. ತುಳು ಬಲ್ಲ ನಿಮಗೆ ನಗು ಬಂದೀತು. ಅಷ್ಟೂ ಪ್ರಶ್ನೆಗಳಿಂದ ನಾನು ಹುಡುಕುತ್ತಿದ್ದ ಚಿಂತೆಯನ್ನು ಅವರು ಎರಡೇ ಪದಗಳಲ್ಲಿ ಹೇಳಿದ್ದರು.

ಆ 'ಇಜ್ಜಿ'ಯ ಹಿಂದೆ ಏನಿದ್ದಿರಬಹುದೆಂದು ನನಗೆ ಹೊಳೆದದ್ದು ತಡವಾಗಿ. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ಉಣಿಸಿದರೆ ತಮ್ಮ ಮನೆಯ ರೋಗ ಅವರಿಗೆ ದಾಟುತ್ತದೆಂದು ನಂಬಿದ್ದ ಜನ ಈ ಕರಾವಳಿಯಲ್ಲೇ ಇದ್ದರು. ಅಜಲು ಎಂಬ ಈ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕವು 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಊರವರ ಕಾಯಿಲೆಯನ್ನು ತಲೆಮಾರುಗಳಿಂದ ಉಣ್ಣಬೇಕಾಗಿ ಬಂದವರ ಅಂಗಳದಲ್ಲಿ ನಿಂತು 'ನಿಮಗೇನು ಕಾಯಿಲೆ' ಎಂದು ಕೇಳುವವನನ್ನು ಅವರು ಏಕೆ ನಂಬಬೇಕು? ಕಳೆದ ಚಿನ್ನ ಸಿಗಲೆಂದು ಕೊರಗಜ್ಜ ದೈವಕ್ಕೆ ಚಕ್ಕುಲಿ, ಕಳ್ಳಿನ ಹರಕೆ ಹೊರುವ ನಾವು ಕೊರಗರ ಮನೆಗೆ ಎಷ್ಟು ಸಲ ಕಾಲಿಟ್ಟಿದ್ದೇವೆ ಎಂಬುದು ಬೇರೆಯೇ ಮಾತು.

ನ್ಯೂಜಿಲೆಂಡಿನ ಮಾವೊರಿ ಮನೋವೈದ್ಯ ಮೇಸನ್ ಡ್ಯೂರಿ ಅವರು 1980ರ ದಶಕದಲ್ಲಿ ಆರೋಗ್ಯವನ್ನು ದೇಹ, ಮನಸ್ಸು, ಕುಟುಂಬ, ಆತ್ಮ ಎಂಬ ನಾಲ್ಕು ಗೋಡೆಗಳ ಮನೆಗೆ ಹೋಲಿಸಿದರು. ಅದು ಅವರ ಜನರ ಮನೆ. ಹಾಗೆಯೇ ಎತ್ತಿ ತಂದು ಇಲ್ಲಿ ಕಟ್ಟಲಾಗದು. ಬಳ್ಳಿ ಸಿಗುವ ಕಾಡು, ಡೋಲು, ಆಗಸ್ಟ್ 18ರ ಭೂಮಿ ಹಬ್ಬ, ಇವುಗಳಲ್ಲಿ ಯಾವುದು ತಮ್ಮ ಗೋಡೆ ಎಂಬುದನ್ನು ಕೊರಗರೇ ಹೇಳಬೇಕು, ಅವರ ಮಕ್ಕಳೇ ಈ ವಿದ್ಯೆ ಕಲಿತು ಬಂದು ಹೇಳಿದರೆ ಇನ್ನೂ ಒಳ್ಳೆಯದು. ಹಾಗೆಂದು ಔಷಧಿ ಬೇಡವೆನ್ನುತ್ತಿಲ್ಲ. ತುರ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಇದ್ದೇ ಇದೆ.

ಮುಂದಿನ ಸಲ ಕಾಗದವಿಲ್ಲದೆ ಹೋದೆ. ಆ ಹಿರಿಯ ಮಹಿಳೆ ಬಳ್ಳಿಯೊಂದನ್ನು ಕೈಗಿತ್ತು ಸಿಗಿದುಕೊಡಲು ಹೇಳಿದರು. ನಾನು ಸಿಗಿಯಹೋದದ್ದು ನಡುವೆಯೇ ತುಂಡಾಯಿತು. ಅವರು ನಕ್ಕರು. ಬುಟ್ಟಿ ಅಂಚಿಗೆ ಬರುವ ಹೊತ್ತಿಗೆ, ಕುಡಿತಕ್ಕೆ ಬಿದ್ದ ಮಗನ ವಿಷಯ ತೆಗೆದರು.