ಅಟ್ಲಾಂಟಾದಲ್ಲಿ ಬೇಯಿಸಿದ ಕಡಲೆಕಾಯಿ

ಕೇಳುಗರಿಗೆ ನಮಸ್ಕಾರ.

ಮಗಳ ಮನೆಗೆಂದು ಅಮೆರಿಕದ ಅಟ್ಲಾಂಟಾಕ್ಕೆ ಹೋಗಿ, ಮಕ್ಕಳು ಕೆಲಸಕ್ಕೆ ಹೊರಟ ಮೇಲೆ ಕಿಟಕಿ ಪಕ್ಕ ಕೂತು ಅಳಿಲು ಎಣಿಸುವ ಅಪ್ಪ-ಅಮ್ಮಂದಿರು ನಮ್ಮಲ್ಲಿ ಈಗ ಕಡಿಮೆಯೇನಿಲ್ಲ. ನಾನೂ ಎಣಿಸಿದವಳೇ. ಈ ನಾಲ್ಕು ಮಾತು ಅವರಿಗಾಗಿ.

ಹಳೆಯದೇನೂ ಕಾಣದ ಊರಪ್ಪಾ ಇದು ಅಂತ ಮೊದಲು ಬೇಸರವಾಗುತ್ತದೆ. ಕಾಣುವುದಾದರೂ ಹೇಗೆ? ಅಂತರ್ಯುದ್ಧದಲ್ಲಿ, 1864ರಲ್ಲಿ, ಉತ್ತರದವರ ಜನರಲ್ ಶೆರ್ಮನ್ನನ ಸೇನೆ ಊರಿಗೆ ಬೆಂಕಿಯಿಟ್ಟಿತ್ತು. ಈಗ ಕಾಣುವುದು ಹೆಚ್ಚಾಗಿ ಆಮೇಲೆ ಕಟ್ಟಿದ್ದು. ಎತ್ತ ತಿರುಗಿದರೂ ಪೀಚ್‌ಟ್ರೀ ಎಂಬ ಹೆಸರಿನ ರಸ್ತೆ; ಒಂದು ಪೀಚ್‌ಟ್ರೀಯಲ್ಲಿ ನಿಂತು ಇನ್ನೊಂದು ಪೀಚ್‌ಟ್ರೀಗೆ ದಾರಿ ಕೇಳಬೇಕು.

ಜಾರ್ಜಿಯಾ ಅಕ್ವೇರಿಯಂಗೆ ಎಲ್ಲರೂ ಕರೆದುಕೊಂಡು ಹೋಗುತ್ತಾರೆ. 2 ಕೋಟಿ ಲೀಟರಿಗೂ ಹೆಚ್ಚು ನೀರಿರುವ ತೊಟ್ಟಿಯಲ್ಲಿ ತಿಮಿಂಗಿಲ ಶಾರ್ಕು ತಲೆಯ ಮೇಲೇ ಈಜಿಹೋಗುತ್ತದೆ. ಟಿಕೆಟ್ಟನ್ನು ಮಾತ್ರ ರೂಪಾಯಿಗೆ ಗುಣಿಸಬೇಡಿ. ಪಕ್ಕದಲ್ಲೇ ಕೋಕಾ-ಕೋಲಾದ ಮ್ಯೂಸಿಯಂ. 1886ರಲ್ಲಿ ಇದೇ ಊರಿನ ಔಷಧದಂಗಡಿಯಲ್ಲಿ ಹುಟ್ಟಿದ ಪಾನೀಯ ಅದು. ಮೊಮ್ಮಕ್ಕಳಿದ್ದರೆ ಹೋಗಿ.

ನನ್ನನ್ನು ಕೇಳಿದರೆ ಮೊದಲು ಆಬರ್ನ್ ಅವೆನ್ಯೂಗೆ ಹೋಗಿ. ಮಾರ್ಟಾ ರೈಲು ಹತ್ತಿ ಕಿಂಗ್ ಮೆಮೋರಿಯಲ್ ನಿಲ್ದಾಣದಲ್ಲಿ ಇಳಿದರೆ ಕಾರಿನ ಹಂಗಿಲ್ಲ. ಕರಿಯರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ಮನೆ, ಅವರು ಉಪದೇಶ ಮಾಡಿದ ಎಬೆನೀಜರ್ ಚರ್ಚು ಅಲ್ಲಲ್ಲೇ ಇವೆ. ನೀಲಿ ನೀರಿನ ಕೊಳದ ನಡುವೆ ಅವರದೂ ಹೆಂಡತಿ ಕೊರೆಟ್ಟಾ ಅವರದೂ ಸಮಾಧಿ. ಅದೇ ಆವರಣದಲ್ಲಿ ಕೋಲು ಹಿಡಿದು ನಡೆಯುವ ನಮ್ಮ ಗಾಂಧೀಜಿಯ ಪ್ರತಿಮೆ ಕಂಡಾಗ, ಗೊತ್ತಿದ್ದರೂ, ಕಾಲು ನಿಂತುಬಿಡುತ್ತದೆ. ಇಲ್ಲೆಲ್ಲ ಒಳಗೆ ಬಿಡಲು ಕಾಸು ಕೇಳುವುದಿಲ್ಲ.

ಇನ್ನು ಊಟ. ಅಮೆರಿಕದ ದಕ್ಷಿಣದವರ ಗ್ರಿಟ್ಸ್ ಅಂದರೆ ಮುಸುಕಿನ ಜೋಳದ ರವೆಯ ಗಂಜಿ, ಮೇಲೆ ಬೆಣ್ಣೆ. ಒಗ್ಗರಣೆಯೊಂದು ಬಿದ್ದಿದ್ದರೆ ನಮ್ಮದೇ! ಬೆಂಡೆಕಾಯಿಗೆ ಮುಸುಕಿನ ಜೋಳದ ಹಿಟ್ಟು ಸವರಿ ಗರಿಗರಿಯಾಗಿ ಕರಿಯುತ್ತಾರೆ. ಆ ಬೆಂಡೆ ಆಫ್ರಿಕದಿಂದ, ಗುಲಾಮರಾಗಿ ಬಂದವರ ಜೊತೆ ಬಂದದ್ದು. ಸಸ್ಯಾಹಾರಿಗಳು ಸೊಪ್ಪಿನ ಪಲ್ಯ ಕಂಡು ಮೋಸಹೋಗಬೇಡಿ, ಹಂದಿಮಾಂಸ ಹಾಕಿ ಬೇಯಿಸುವುದು ಅಲ್ಲಿನ ರೂಢಿ, ಕೇಳಿಯೇ ಬಡಿಸಿಕೊಳ್ಳಿ.

ಕೊಳ್ಳುವುದಕ್ಕೆ ಪಾನ್ಸ್ ಸಿಟಿ ಮಾರ್ಕೆಟ್ ಇದೆ, ಸಿಯರ್ಸ್ ಎಂಬ ಅಂಗಡಿ ಕಂಪನಿಯ 1926ರ ಉಗ್ರಾಣವನ್ನು ಅಂಗಡಿ ಸಾಲು ಮಾಡಿದ್ದಾರೆ. ಕಣ್ಣಿಗೆ ಹಬ್ಬ, ಪರ್ಸಿಗೆ ಅಲ್ಲ. ಪಕ್ಕದ ಊರು ಡಿಕೇಟರ್‌ನಲ್ಲಿರುವ ಪಟೇಲ್ ಬ್ರದರ್ಸ್ ಎಂಬ ನಮ್ಮವರ ದಿನಸಿ ಅಂಗಡಿಯಲ್ಲಿ ಕರಿಬೇವಿನಿಂದ ಹಿಡಿದು ಮನೆಗೆ ಬೇಕಾದದ್ದೆಲ್ಲ ಸಿಗುತ್ತದೆ.

ಪೀಚ್ ಹಣ್ಣಿನ ರಾಜ್ಯ ಅಂತ ಹೆಸರು ಅಟ್ಲಾಂಟಾ ಇರುವ ಜಾರ್ಜಿಯಾಕ್ಕೆ, ಆದರೆ ಅಮೆರಿಕದಲ್ಲಿ ಕಡಲೆಕಾಯಿ ಅತಿ ಹೆಚ್ಚು ಬೆಳೆಯುವುದೂ ಅಲ್ಲೇ. ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಕಡಲೆಕಾಯಿ ಬೆಳೆದವರು. ಊರಾಚೆ ಹೆದ್ದಾರಿ ಪಕ್ಕದಲ್ಲಿ ದೊಡ್ಡ ಪಾತ್ರೆಯಲ್ಲಿ ಉಪ್ಪುನೀರು ಕುದಿಸಿ, ಸಿಪ್ಪೆ ಸಮೇತ ಬೇಯಿಸಿ ಮಾರುತ್ತಾರೆ. ಥೇಟ್ ಬಸವನಗುಡಿಯ ಪರಿಷೆಯದೇ ವಾಸನೆ. ಬಿಸಿ ಆರುವ ಮುಂಚೆ ತಿನ್ನಿ. ಪೊಟ್ಟಣದ ನೀರು ಕಾರಿನ ಸೀಟಿಗೆ ಸೋರದ ಹಾಗೆ ಕೆಳಗೊಂದು ಪೇಪರ್ ಹಾಸಿಕೊಳ್ಳಿ. ಅಳಿಯಂದಿರು ಬಾಯಿಬಿಟ್ಟು ಏನೂ ಅನ್ನುವುದಿಲ್ಲ, ಆದರೂ.

ನಮಸ್ಕಾರ.