ಅಜ್ಜಿ, ಸ್ವಲ್ಪ ನಗಿ

ಎಲ್ಲರಿಗೂ ನಮಸ್ಕಾರ. ಕಾರವಾರದ ಕೋಡಿಬಾಗದಿಂದ ಮಾತಾಡುತ್ತಿದ್ದೇನೆ. ಹಿಂದೆ ಟಪ್ ಟಪ್ ಅಂತ ಸದ್ದು ಕೇಳಿಸುತ್ತಿದ್ದರೆ ಅದು ಅಮ್ಮ, ನೆವ್ರಿಗೆ, ಅಂದರೆ ಕರಿದ ಸಿಹಿ ಕಡುಬಿಗೆ, ಹಿಟ್ಟು ನಾದುತ್ತಿದ್ದಾರೆ. ಕ್ರಿಸ್ಮಸ್‌ಗೆ ಇನ್ನು ಐದೇ ದಿನ. ಇವತ್ತು ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ಬಗ್ಗೆ ವಿಡಿಯೋ ಮಾಡುತ್ತೇನೆ ಅಂತ ಹೇಳಿದ್ದೆ. ಅದು ಮುಂದಿನ ವಾರ ಬರುತ್ತದೆ, ದೊದೋಲ್ ಅನ್ನುವ ಸಿಹಿ ಕೂಡ ತೋರಿಸುತ್ತೇನೆ. ಇವತ್ತು ಬೇರೆ ವಿಷಯ ಇದೆ. ಎರಡು ದಿನದಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ.

ಹೋದ ವಾರ ನಮ್ಮ ಮನೆಯ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ತೋರಿಸಿದ್ದೆ ಅಲ್ವಾ? ತಟ್ಟೆಯಲ್ಲಿ ರಾಗಿ ಚೆಲ್ಲಿ, ಮೊಳಕೆ ಬರಿಸಿ, ಹಸಿರು ಗದ್ದೆ ಮಾಡಿದ್ದು. ಆ ವಿಡಿಯೋದ ಕೊನೆಗೆ ಒಂದು ಮಾತು ಹೇಳಿದ್ದೆ. ಹಬ್ಬಕ್ಕೆ ಬಡವರಿಗೆ ಕಂಬಳಿ, ಅಕ್ಕಿ ಕೊಡುತ್ತೀರಿ, ಒಳ್ಳೆಯದು, ಆದರೆ ಅವರನ್ನು ನಿಲ್ಲಿಸಿ ಫೋಟೋ ತೆಗೆಯಬೇಡಿ. ಇಷ್ಟೇ ಹೇಳಿದ್ದು. ಅದಕ್ಕೆ ಒಬ್ಬರು ಕಮೆಂಟ್ ಹಾಕಿದ್ದಾರೆ. ಓದುತ್ತೇನೆ. "ನಮ್ಮ ಕೈಯಿಂದ ದುಡ್ಡು ಹಾಕಿ ಕೊಡುತ್ತೇವೆ. ಒಂದು ಫೋಟೋ ತೆಗೆದರೆ ಏನು ಗಂಟು ಹೋಗುತ್ತದೆ? ಅವರಿಗೂ ಕೈ ಚಾಚಿ ಅಭ್ಯಾಸ ಆಗಿದೆ."

ಏನು ಗಂಟು ಹೋಗುತ್ತದೆ ಅಂತ ಹೇಳುತ್ತೇನೆ, ಕೇಳಿ.

ನಮ್ಮ ಓಣಿಗೆ ಮೀನು ತರುವ ಒಬ್ಬ ಅಜ್ಜಿ ಇದ್ದಾರೆ. ಬೆಳಗಿನ ಜಾವ ಬೈತಖೋಲ್ ಬಂದರಿಗೆ ಹೋಗಿ, ಹರಾಜಿನಲ್ಲಿ ಮೀನು ಹಿಡಿದು, ಬುಟ್ಟಿ ಹೊತ್ತು ಮನೆಮನೆ ತಿರುಗುತ್ತಾರೆ. ಈ ತಿಂಗಳ ಮೊದಲ ವಾರ ಒಂದು ಕಂಬಳಿ ಹಂಚುವ ಕಾರ್ಯಕ್ರಮ ಇತ್ತು. ಯಾರದು ಅಂತ ಹೇಳುವುದಿಲ್ಲ, ಕೇಳಬೇಡಿ. ಒಂಬತ್ತು ಗಂಟೆಗೆ ಬನ್ನಿ ಅಂದಿದ್ದರಂತೆ. ಅಜ್ಜಿ ಆ ದಿನದ ವ್ಯಾಪಾರ ಬಿಟ್ಟು ಹೋದರು. ಮುಖ್ಯ ಅತಿಥಿ ಬಂದಿದ್ದು ಹನ್ನೆರಡೂವರೆಗೆ. ಅಲ್ಲಿಯವರೆಗೆ ಅಜ್ಜಿ ಶಾಮಿಯಾನದ ಅಂಚಿನಲ್ಲಿ ಕೆಳಗೆ ಕೂತಿದ್ದರು. ಆಮೇಲೆ ಮೈಕಿನಲ್ಲಿ ಹೆಸರು ಕೂಗಿದರು, ಹೆಸರಿನ ಹಿಂದೆ "ಕಡುಬಡವರಾದ" ಅಂತ ಸೇರಿಸಿ. ವೇದಿಕೆ ಹತ್ತಿಸಿದರು. ಕಂಬಳಿಯ ಒಂದು ತುದಿ ಅಜ್ಜಿ ಕೈಯಲ್ಲಿ, ಇನ್ನೊಂದು ತುದಿಗೆ ಆರು ಜನ. ಅಜ್ಜಿ ತಲೆ ಬಗ್ಗಿಸಿದರು. ಕ್ಯಾಮೆರಾದವನು ಏನು ಹೇಳಿದ ಗೊತ್ತಾ? "ಅಜ್ಜಿ, ಇಲ್ಲಿ ನೋಡಿ, ಸ್ವಲ್ಪ ನಗಿ."

ಮರುದಿನ ನಮ್ಮ ಜಗಲಿಯಲ್ಲಿ ಬುಟ್ಟಿ ಇಳಿಸಿ ಅಜ್ಜಿ ನನಗೆ ಇದನ್ನು ಹೇಳಿದರು. ಬಂಗುಡೆಯ ಮೇಲೆ ಹೊದಿಸಿದ್ದ ಎಲೆ ಸರಿಸುತ್ತಾ, ನನ್ನ ಮುಖ ನೋಡದೆ. "ಕಂಬಳಿ ಬೆಚ್ಚಗಿದೆ ತಮಾ, ಹೊದೆಯೋಕೆ ಮನಸ್ಸಾಗಲಿಲ್ಲ. ಕಟ್ಟಿ ಮೇಲೆ ಇಟ್ಟಿದ್ದೇನೆ."

ಆ ಗಂಟು ಹೋಯಿತು. ಉತ್ತರ ಸಿಕ್ಕಿತಾ?

ಇನ್ನು ನಾನು ಹೇಳಬೇಕಾದದ್ದು. ಈ ಚಾನೆಲ್‌ನಲ್ಲಿ ಹಿಂದೆಯೂ ಹೇಳಿದ್ದೇನೆ, ಇವತ್ತು ಹತ್ತು ಸಲ ಹೇಳುತ್ತೇನೆ. ಬೈಬಲ್ ಬಡವರಿಗೆ ಭಿಕ್ಷೆ ಹಾಕಿ ಸುಮ್ನಿರಿ ಅನ್ನುವುದಿಲ್ಲ. ಅವರ ಪಾಲು ಅವರಿಗೆ ಬಿಡಿ ಅನ್ನುತ್ತದೆ. ಪಾಲು. ಈ ಮಾತು ನಮ್ಮ ಕಡಲತೀರದವರಿಗೆ ಬೇಗ ತಿಳಿಯಬೇಕು.

ರಂಪಣಿ ಬಲೆ ಎಳೆಯುವುದನ್ನು ನೋಡಿದ್ದೀರಾ? ದೋಣಿ ಹೋಗಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತದೆ. ಎರಡು ತುದಿಯ ಹಗ್ಗ ದಡಕ್ಕೆ ಬರುತ್ತದೆ, ಎರಡೂ ಕಡೆ ಜನ ಸಾಲಾಗಿ ನಿಂತು ಎಳೆಯುತ್ತಾರೆ. ನನಗೆ ಎಂಟು ವರ್ಷ ಇರಬೇಕು, ಹಗ್ಗದ ಬಾಲ ಹಿಡಿದು ನಾನೂ ಎಳೆದಿದ್ದೆ. ನನ್ನ ಎಳೆತದಿಂದ ಬಲೆ ಒಂದು ಬೆರಳು ಕೂಡ ಸರಿದಿರಲಾರದು. ಆದರೂ ಮೀನು ಹಂಚುವಾಗ ಒಬ್ಬ ಹಿರಿಯರು ನನ್ನನ್ನು ಕರೆದು, ಮರಳು ಮೆತ್ತಿದ್ದ ಐದು ಬಂಗುಡೆ ಕೈಗೆ ಕೊಟ್ಟು, "ತಗೋ, ನಿನ್ನ ಪಾಲು" ಅಂದರು. ಪಾಪ ಹುಡುಗ, ತಗೋ ಅನ್ನಲಿಲ್ಲ. ನಿನ್ನ ಪಾಲು ಅಂದರು. ಮನೆಗೆ ಓಡಿದ್ದು ಇವತ್ತಿಗೂ ನೆನಪಿದೆ. ಆ ಮೀನಿನ ವಾಸನೆ ಅಂಗಿಯಿಂದ ಹೋಗಲು ಎರಡು ದಿನ ಬೇಕಾಯಿತು.

ಈಗ ಬೈಬಲ್‌ಗೆ ಬನ್ನಿ. ಯಾಜಕಕಾಂಡ, 19ನೇ ಅಧ್ಯಾಯ. ಪೈರು ಕೊಯ್ಯುವಾಗ ಹೊಲದ ಮೂಲೆಯವರೆಗೂ ಕೊಯ್ಯಬೇಡ. ಬಿದ್ದ ತೆನೆ ಆರಿಸಬೇಡ. ದ್ರಾಕ್ಷಿ ತೋಟದಲ್ಲಿ ಉದುರಿದ ಹಣ್ಣು ಹೆಕ್ಕಬೇಡ. ಅವು ಬಡವರಿಗೆ, ಪರದೇಶದವರಿಗೆ. ಇದಕ್ಕೆ ನಮ್ಮಲ್ಲಿ ಒಳ್ಳೆಯ ಮಾತಿದೆ, ಹಕ್ಕಲು ಆಯುವುದು. ಗಮನಿಸಿ, ನೀನು ಕೊಯ್ದು, ಮೂಟೆ ಕಟ್ಟಿ, ಸಭೆ ಕರೆದು ಹಂಚು ಅಂತ ಅಲ್ಲಿಲ್ಲ. ಮೂಲೆ ಬಿಡು. ಅವರೇ ಬರಲಿ, ತಮ್ಮ ಕೈಯಿಂದ ಕೊಯ್ದುಕೊಳ್ಳಲಿ. ಅದು ಅವರ ಪಾಲು.

ಆ ಮಾತು ಸುಮ್ನೆ ಪುಸ್ತಕದಲ್ಲಿ ಉಳಿದಿದ್ದಲ್ಲ. ರೂತ್ ಕಥೆ ಗೊತ್ತಲ್ಲ? ಗಂಡ ಸತ್ತವಳು, ಮೋವಾಬ್ ದೇಶದವಳು. ಅತ್ತೆ ನವೊಮಿಯ ಜೊತೆ ಪರ ಊರಿಗೆ ಬರುತ್ತಾಳೆ. ಮನೆಯಲ್ಲಿ ಕಾಳಿಲ್ಲ. ಜವೆಗೋದಿ ಕೊಯ್ಯುವ ಹೊತ್ತಿಗೆ ಬೋವಜ ಅನ್ನುವವನ ಹೊಲದಲ್ಲಿ ಹಕ್ಕಲು ಆಯಲು ಹೋಗುತ್ತಾಳೆ. ಬೋವಜ ತನ್ನ ಆಳುಗಳಿಗೆ ಏನು ಹೇಳುತ್ತಾನೆ? ಕಟ್ಟಿದ ಹೊರೆಯಿಂದ ಬೇಕಂತಲೇ ಒಂದಿಷ್ಟು ತೆನೆ ಕೆಳಗೆ ಎಳೆದು ಬಿಡಿ, ಅವಳು ಆರಿಸಿಕೊಳ್ಳಲಿ, ಅವಳನ್ನು ಗದರಿಸಬೇಡಿ. ಕೊಟ್ಟವನು ಯಾರು ಅಂತ ಅವಳಿಗೆ ತೋರದ ಹಾಗೆ ಕೊಡುವುದು. ಸಂಜೆ ಕಾಳು ಬಡಿದು ಅಳೆದಾಗ ಅದು ಅವಳ ದುಡಿಮೆ. ತಲೆ ಎತ್ತಿ ಮನೆಗೆ ಹೋದಳು.

ಆ ಹೊಲ ಯಾವ ಊರಿನದು? ಬೆತ್ಲೆಹೇಮ್! ರೂತ್ ಆಮೇಲೆ ಬೋವಜನನ್ನೇ ಮದುವೆಯಾದಳು. ಅವಳ ಮರಿಮಗ ರಾಜ ದಾವೀದ. ದಾವೀದನ ವಂಶದವನು ಅನ್ನುವ ಕಾರಣಕ್ಕೇ ಜೋಸೆಫ್ ತುಂಬು ಬಸುರಿ ಮರಿಯಳನ್ನು, ಯೇಸುವಿನ ತಾಯಿಯನ್ನು, ಕರೆದುಕೊಂಡು ಜನಗಣತಿಗೆ ಬೆತ್ಲೆಹೇಮ್‌ಗೆ ಹೋಗಿದ್ದು. ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೇಸುವಿನ ವಂಶಾವಳಿಯಲ್ಲಿ ರೂತ್ ಹೆಸರಿದೆ. ಒಬ್ಬ ಹೊಲದವನು ಮೂಲೆಯನ್ನು ಬಿಟ್ಟಿದ್ದಕ್ಕೆ ನಮ್ಮ ಗೋದಲಿ ಆ ಊರಿನಲ್ಲಿದೆ. ಇದನ್ನು ಮೊದಲ ಸಲ ಜೋಡಿಸಿ ನೋಡಿದಾಗ ನನಗೆ ಮೈ ಜುಂ ಅಂದಿತ್ತು.

ಗೋದಲಿಯಲ್ಲಿ ಯಾರು ಮೇಲೆ, ಯಾರು ಕೆಳಗೆ ಅಂತ ನೋಡಿ. ಜ್ಞಾನಿಗಳು ಮಗು ಯೇಸುವನ್ನು ನೋಡಲು ದೂರದಿಂದ ಬಂದರು. ಬಂಗಾರ, ಧೂಪ, ರಕ್ತಬೋಳ ತಂದರು. ಮೊದಲು ಏನು ಮಾಡಿದರು? ಅಡ್ಡಬಿದ್ದರು. ಆಮೇಲೆ ಪೆಟ್ಟಿಗೆ ತೆರೆದರು. ಕೊಡುವವರು ನೆಲದ ಮೇಲೆ, ತೆಗೆದುಕೊಳ್ಳುವ ಮಗು ತಾಯಿಯ ಮಡಿಲಲ್ಲಿ. ನಮ್ಮ ಕಂಬಳಿ ಕಾರ್ಯಕ್ರಮದಲ್ಲಿ ಕೊಡುವವರಿಗೆ ಕುಶನ್ ಕುರ್ಚಿ, ಅಜ್ಜಿಗೆ ನೆಲ. ಬೈಬಲ್‌ನ ಯಾಕೋಬನ ಪತ್ರದಲ್ಲಿ ಇದೇ ಇದೆ. ಬಂಗಾರದ ಉಂಗುರ ಹಾಕಿದವನಿಗೆ ಒಳ್ಳೆಯ ಜಾಗ ಕೊಟ್ಟು, ಬಡವನಿಗೆ ಅಲ್ಲಿ ನಿಲ್ಲು ಅನ್ನುತ್ತೀರಾ ಅಂತ ಬೈದಿದ್ದಾನೆ. ಎರಡು ಸಾವಿರ ವರ್ಷದ ಹತ್ತಿರ ಆಯಿತು, ನಾವು ಕುರ್ಚಿ ಸಾಲು ಬದಲಾಯಿಸಿಲ್ಲ.

ಕುರಿಗಾಹಿಗಳನ್ನು ನೋಡಿ. ರಾತ್ರಿ ಪಾಳಿಯವರು. ಇಲ್ಲಿ ದೂರ ಸಮುದ್ರದಲ್ಲಿ ರಾತ್ರಿ ದೋಣಿಗಳ ದೀಪ ಕಾಣುತ್ತದಲ್ಲ, ಹಾಗೆ ಎಚ್ಚರ ಇದ್ದವರು. ಮಗು ಹುಟ್ಟಿದ ಮೊದಲ ಸುದ್ದಿ ಹೋಗಿದ್ದು ಅವರಿಗೆ. ಅವರು ಅಲ್ಲಿಗೆ ಬಂದಿದ್ದು ಅತಿಥಿಗಳಾಗಿ. ಯಾರೂ ಅವರನ್ನು ಫಲಾನುಭವಿಗಳು ಅಂತ ಸಾಲಿನಲ್ಲಿ ನಿಲ್ಲಿಸಲಿಲ್ಲ.

ಇನ್ನೊಂದು ಸಣ್ಣ ಸಂಗತಿ, ಇದನ್ನು ಚರ್ಚಿನ ಪ್ರಸಂಗದಲ್ಲಿ ಹೇಳುವವರು ಕಡಿಮೆ. ಮಗುವನ್ನು ದೇವಾಲಯಕ್ಕೆ ತಂದಾಗ ಮರಿಯ, ಜೋಸೆಫ್ ಏನು ಅರ್ಪಿಸಿದರು? ಲೂಕ ತನ್ನ ಸುವಾರ್ತೆಯಲ್ಲಿ ಬರೆಯುತ್ತಾನೆ, ಜೋಡಿ ಬೆಳವಕ್ಕಿ ಇಲ್ಲವೇ ಎರಡು ಪಾರಿವಾಳದ ಮರಿ. ಯಾಜಕಕಾಂಡ 12ನೇ ಅಧ್ಯಾಯ ತೆರೆಯಿರಿ. ಹೆತ್ತ ತಾಯಿ ಕುರಿಮರಿ ತರಬೇಕು. ಕುರಿಮರಿ ತರುವ ಶಕ್ತಿ ಇಲ್ಲದವಳು ಎರಡು ಹಕ್ಕಿ ತರಬಹುದು. ಅಂದರೆ ಮರಿಯ ತಂದಿದ್ದು ಬಡವರ ಕಾಣಿಕೆ. ಆ ನಿಯಮದಲ್ಲಿ ಆದಾಯ ಪ್ರಮಾಣಪತ್ರ ತಾ ಅಂತ ಇಲ್ಲ. ಅವಳು ಹಕ್ಕಿ ತಂದಳು, ಸ್ವೀಕಾರ ಆಯಿತು, ಮುಗಿಯಿತು.

ಈಗ ಕಮೆಂಟ್‌ನವರ ವಾದ. ಕೈ ಚಾಚಿ ಅಭ್ಯಾಸವಂತೆ, ಸೋಮಾರಿಗಳಂತೆ. ದುಡಿಯದವನು ಉಣ್ಣಬಾರದು ಅಂತ ಬೈಬಲ್‌ನಲ್ಲೇ ಇದೆ ಅಂತ ಕೆಳಗೆ ಇನ್ನೊಬ್ಬರು ಬರೆದಿದ್ದಾರೆ. ಸರಿಯಾಗಿ ಓದಿ ಸ್ವಾಮಿ. ದುಡಿಯಲು ಮನಸ್ಸಿಲ್ಲದವನು ಅಂತ ಇದೆ. ಬೆಳಗಿನ ಜಾವದ ಹರಾಜಿಗೆ ನಿಲ್ಲುವ ಅಜ್ಜಿಗೆ ಈ ವಚನ ಹೇಳುತ್ತೀರಾ? ಒಂದು ದಿನ ಆ ಬುಟ್ಟಿ ಹೊತ್ತು ಕೋಡಿಬಾಗದವರೆಗೆ ನಡೆದು ಬನ್ನಿ, ಆಮೇಲೆ ಮಾತಾಡೋಣ.

ಮತ್ತೊಬ್ಬರು, ಬಡವರು ಯಾವಾಗಲೂ ಇರುತ್ತಾರೆ ಅಂತ ಯೇಸುವೇ ಹೇಳಿದ್ದಾರಲ್ಲ ಅನ್ನುತ್ತಾರೆ. ಹೇಳಿದ್ದಾರೆ. ಆ ಮಾತು ಬಂದಿದ್ದು ಧರ್ಮೋಪದೇಶಕಾಂಡ 15ರಿಂದ. ಅಲ್ಲಿ ಅದರ ಮುಂದಿನ ಅರ್ಧ ಏನು? ಆದ್ದರಿಂದ ನಿನ್ನ ಕೈ ಬಿಚ್ಚು! ಅರ್ಧ ವಚನ ಓದಿ ಜೇಬಿಗೆ ಗುಂಡಿ ಹಾಕಿಕೊಳ್ಳುವುದು ಯಾವ ಭಕ್ತಿ?

ಲೆಕ್ಕಕ್ಕೆ ಫೋಟೋ ಬೇಕು, ದಾನಿಗಳಿಗೆ ತೋರಿಸಬೇಕು ಅನ್ನುವವರು ಜಾಸ್ತಿ. ಬಿಲ್ ಇಡಿ. ಅಕ್ಕಿ ಮೂಟೆಯ ಫೋಟೋ ತೆಗೆಯಿರಿ, ನಾನೂ ಲೈಕ್ ಮಾಡುತ್ತೇನೆ. ಪುಸ್ತಕದಲ್ಲಿ ಸಹಿ ಹಾಕಿಸಿ. ಅಜ್ಜಿಯ ಮುಖ ನಿಮ್ಮ ರಸೀದಿ ಅಲ್ಲ.

ಧರ್ಮೋಪದೇಶಕಾಂಡ 24 ಓದಿದರೆ ನೀವು ಕ್ಯಾಮೆರಾ ಮುಟ್ಟುವುದಿಲ್ಲ. ಸಾಲ ಕೊಟ್ಟವನು ಅಡವು ತರಲು ಸಾಲಗಾರನ ಮನೆಯೊಳಗೆ ಹೋಗಬಾರದು. ಹೊರಗೆ ನಿಲ್ಲಬೇಕು. ಅವನೇ ಹೊರಗೆ ತಂದು ಕೊಡಬೇಕು. ಕೊಟ್ಟದ್ದು ನಿನ್ನ ದುಡ್ಡೇ, ಆದರೂ ಹೊಸಿಲು ಅವನದು. ಅವನು ಬಡವನಾಗಿ ಹೊದಿಕೆ ಅಡವಿಟ್ಟಿದ್ದರೆ ಹೊತ್ತು ಮುಳುಗುವಾಗ ವಾಪಸ್ ಕೊಡಬೇಕು, ಅದನ್ನು ಹೊದ್ದು ಮಲಗಲಿ ಅಂತ. ಕೂಲಿಯವನ ಕೂಲಿ ಅದೇ ದಿನ, ಸೂರ್ಯ ಮುಳುಗುವ ಮೊದಲು. ಯಾಕೆ? ಅವನ ಜೀವ ಅದರ ಮೇಲೆ ನಿಂತಿದೆ. ಅಲ್ಲಿ ಹೊದಿಕೆ ಅಂದರೆ ರಾತ್ರಿ ಮಲಗುವ ಬೆಚ್ಚಗಿನ ಬಟ್ಟೆ. ನಮ್ಮಲ್ಲಿ ಹೊದಿಕೆ ಅಂದರೆ ಆರು ಜನ ಹಿಡಿದು ನಿಲ್ಲುವ ಬ್ಯಾನರ್ ಆಗಿದೆ.

ಮೊದಲ ಗೋದಲಿ ಮಾಡಿದವರು ಸಂತ ಫ್ರಾನ್ಸಿಸ್, ಇಟಲಿಯ ಗ್ರೆಚ್ಚೊ ಅನ್ನುವ ಊರಿನಲ್ಲಿ, 1223ರಲ್ಲಿ. ಹುಲ್ಲು ತಂದರು, ಜೀವಂತ ಎತ್ತು, ಕತ್ತೆ ತಂದು ನಿಲ್ಲಿಸಿದರು. ಆ ಮಗು ಎಷ್ಟು ಕಷ್ಟದಲ್ಲಿ ಹುಟ್ಟಿತು ಅಂತ ಕಣ್ಣಾರೆ ನೋಡಬೇಕು ಅನ್ನುವುದು ಅವರ ಆಸೆ. ನಾವು ಸೀರಿಯಲ್ ಲೈಟು ಹಾಕುತ್ತೇವೆ, ಹಾಕಿ, ನಮ್ಮ ಮನೆಯಲ್ಲೂ ಇದೆ. ಆ ಹುಲ್ಲನ್ನು ಒಂದು ಸಲ ಮುಟ್ಟಿ ನೋಡಿ. ಚುಚ್ಚುತ್ತದೆ.

ಕ್ರಿಸ್ಮಸ್ ನಾಟಕದಲ್ಲಿ ಛತ್ರದ ಯಜಮಾನನಿಗೆ ಎಲ್ಲರೂ ಬೈಯುತ್ತೇವೆ ಅಲ್ವಾ? ಮರಿಯ, ಜೋಸೆಫ್‌ಗೆ ಜಾಗ ಇಲ್ಲ ಅಂದ ಪಾಪಿ ಅಂತ. ಲೂಕನಲ್ಲಿ ಆ ಯಜಮಾನ ಇಲ್ಲವೇ ಇಲ್ಲ, ಜಾಗ ಇರಲಿಲ್ಲ ಅಂತ ಅಷ್ಟೇ ಇದೆ. ಅವನನ್ನು ನಾವು ಸೇರಿಸಿದ್ದು. ಬೈಯಲು ಒಬ್ಬ ಬೇಕಿತ್ತು.

ಇನ್ನೂ ನಾಲ್ಕು ವಚನ ಬರೆದುಕೊಂಡು ಬಂದಿದ್ದೆ. ಬೇಡ. ಎಷ್ಟು ವಚನ ಓದಿದರೂ ಅದೇ ಮಾತು. ಪಾಲು ಕಣ್ರೀ, ಪಾಲು! ಅಜ್ಜಿಯ ಪಾಲನ್ನು ಅಜ್ಜಿಗೆ ಕೊಡಲು ನಿಮಗೆ ಮೈಕ್ ಯಾಕೆ? ಬ್ಯಾನರ್ ಯಾಕೆ? ಆ ನಗು ಯಾಕೆ ಬೇಕು ನಿಮಗೆ? ಸಂಜೆ ಹೊತ್ತಿಗೆ ಬಾಗಿಲ ಹತ್ತಿರ ಹೋಗಿ, ಹೊರಗೆ ನಿಂತು, ಅಜ್ಜಿ ಅಂತ ಕರೆಯಿರಿ. ಅವರು ಬರುತ್ತಾರೆ. ಕೊಡಿ. ಬನ್ನಿ. ಇಷ್ಟಕ್ಕೆ ಮುಖ್ಯ ಅತಿಥಿ ಬೇಕಾ?

ಈ ವಿಡಿಯೋವನ್ನು ನಿಮ್ಮ ಊರಿನ ಸಂಘದ ಗ್ರೂಪ್‌ಗೆ ಕಳಿಸಿ. ಅಂಕೋಲಾ, ಕುಮಟಾ, ಹೊನ್ನಾವರ, ಘಟ್ಟದ ಮೇಲೆ ಶಿರಸಿ, ಹಳಿಯಾಳದವರೂ ನೋಡುತ್ತೀರಿ ಅಂತ ಗೊತ್ತು, ನಿಮ್ಮೂರಿನಲ್ಲಿ ಹೇಗೆ ಅಂತ ಕೆಳಗೆ ಬರೆಯಿರಿ, ಎಲ್ಲ ಓದುತ್ತೇನೆ. ಸಬ್‌ಸ್ಕ್ರೈಬ್ ಆಗಿಲ್ಲದವರು ಆಗಿ. ಬೈಯುವವರೂ ಆಗಿ, ಮುಂದಿನ ವಾರ ದೊದೋಲ್ ಇದೆ.

ಅಮ್ಮ ಕರೆಯುತ್ತಿದ್ದಾರೆ, ಮೊದಲ ಬಾಣಲೆ ನೆವ್ರಿ ಆಯಿತಂತೆ. ಒಂದು ತಟ್ಟೆ ಅಜ್ಜಿಯ ಮನೆಗೆ ಹೋಗಬೇಕು, ಪ್ರತಿ ವರ್ಷ ಹೋಗುತ್ತದೆ. ಹೋದ ವರ್ಷ ಅವರು ತಟ್ಟೆ ಖಾಲಿ ಕೊಡಲಿಲ್ಲ. ಒಣ ಸೀಗಡಿ ತುಂಬಿಸಿ, ಮೇಲೆ ಪೇಪರ್ ಮುಚ್ಚಿ ವಾಪಸ್ ತಂದಿದ್ದರು. ಫೋನ್ ಇಲ್ಲೇ ಮೇಜಿನ ಮೇಲೆ ಬಿಟ್ಟು ಹೋಗುತ್ತಿದ್ದೇನೆ.