ಹೇಳಿ ಬರೆಸಿದ ಚಿತ್ರ: ಜಾಲತಾಣದಲ್ಲಿ ವೆಕ್ಟರ್ ಅನಿಮೇಷನ್

ಕೇಳುಗರಿಗೆ ನಮಸ್ಕಾರ.

ಚಿತ್ರವೇ ಇಲ್ಲದ ಮಾಧ್ಯಮದಲ್ಲಿ ಕುಳಿತು ಚಲಿಸುವ ಚಿತ್ರಗಳ ಬಗ್ಗೆ ಮಾತನಾಡುವುದು ವಿಚಿತ್ರವೆನಿಸಬಹುದು. ಆದರೆ ವೆಕ್ಟರ್ ಚಿತ್ರವೆಂದರೇನು ಎಂಬುದನ್ನು ವಿವರಿಸಲು ಬಾನುಲಿಗಿಂತ ಒಳ್ಳೆಯ ಜಾಗ ಸಿಗಲಾರದು. ಕಾಗದದ ನಡುವೆ ಒಂದು ಚುಕ್ಕಿ ಇಟ್ಟು, ಅದನ್ನೇ ಕೇಂದ್ರವಾಗಿಸಿ ಎರಡು ಅಂಗುಲ ತ್ರಿಜ್ಯದ ವೃತ್ತ ಎಳೆದು, ಒಳಗೆ ಕೆಂಪು ತುಂಬಿ ಎಂದು ನಾನು ಹೇಳಿದರೆ, ಎಲ್ಲೋ ಇರುವ ನೀವು ಆ ಚಿತ್ರವನ್ನು ತಪ್ಪಿಲ್ಲದೆ ಬರೆಯಬಲ್ಲಿರಿ. ಅದೇ ವೃತ್ತ ಅಡ್ಡಕ್ಕೆ 400, ಉದ್ದಕ್ಕೆ 400 ಪಿಕ್ಸೆಲ್‌ಗಳ, ಅಂದರೆ ಬಣ್ಣದ ಪುಟ್ಟ ಚುಕ್ಕಿಗಳ, ಚಿತ್ರವಾಗಿದ್ದು, ಒಂದೊಂದು ಪಿಕ್ಸೆಲ್‌ನ ಬಣ್ಣವನ್ನೂ ಸೆಕೆಂಡಿಗೊಂದರಂತೆ ನಾನು ಓದುತ್ತ ಹೋದರೆ, 1,60,000 ಬಣ್ಣಗಳನ್ನು ಮುಗಿಸಲು 44 ಗಂಟೆಗೂ ಹೆಚ್ಚು ಕಾಲ ಬೇಕಾದೀತು. ಮೊದಲನೆಯದು ವೆಕ್ಟರ್, ಅದು ಚಿತ್ರವಲ್ಲ, ಚಿತ್ರ ಬರೆಯುವ ಸೂಚನೆ.

ಸೂಚನೆಯಾಗಿರುವುದರಿಂದಲೇ ಅದನ್ನು ಎಷ್ಟು ಹಿಗ್ಗಿಸಿದರೂ ಅಂಚು ಮಸುಕಾಗುವುದಿಲ್ಲ. ಚಲನೆಯೂ ಅಗ್ಗವಾಗುತ್ತದೆ: ಎರಡು ಸೆಕೆಂಡುಗಳಲ್ಲಿ ವೃತ್ತವನ್ನು ಎಡದಿಂದ ಬಲಕ್ಕೆ ಸರಿಸು ಎಂಬ ಇನ್ನೊಂದು ಸಾಲು ಸೇರಿಸಿದರೆ ಸಾಕು, ನಡುವಿನ ಹಂತಗಳನ್ನೆಲ್ಲ ಬ್ರೌಸರ್ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. 1987ರಷ್ಟು ಹಳೆಯದಾದ ಜಿಫ್ ವಿಧಾನದಲ್ಲಾದರೋ ಚಲನೆಯ ಚೌಕಟ್ಟುಗಳನ್ನು, ಅಂದರೆ ಒಂದೊಂದು ಹಂತದ ಬಿಡಿ ಚಿತ್ರಗಳನ್ನು, ಒಂದರ ಹಿಂದೊಂದು ಪೋಣಿಸಿ ಕಳುಹಿಸಬೇಕು, ಅದೂ ಚೌಕಟ್ಟೊಂದಕ್ಕೆ 256 ಬಣ್ಣಗಳ ಮಿತಿಯಲ್ಲಿ.

ಈ ಅನುಕೂಲವನ್ನು ಜಾಲಲೋಕಕ್ಕೆ ಮನದಟ್ಟು ಮಾಡಿಸಿದ್ದು ಫ್ಲ್ಯಾಶ್. 1996ರಲ್ಲಿ ಫ್ಯೂಚರ್‌ಸ್ಪ್ಲಾಶ್ ಅನಿಮೇಟರ್ ಎಂಬ ಹೆಸರಿನಿಂದ ಬಂದ ಆ ತಂತ್ರಾಂಶವನ್ನು ಮ್ಯಾಕ್ರೋಮೀಡಿಯ ಸಂಸ್ಥೆ ಕೊಂಡು ಹೊಸ ಹೆಸರಿಟ್ಟಿತು. 2005ರಲ್ಲಿ ಅದು ಅಡೋಬಿಯ ಕೈಸೇರಿತು. ನಿಧಾನವಾದ ಟೆಲಿಫೋನ್ ಸಂಪರ್ಕದ ಕಾಲದಲ್ಲಿ ಚಲನೆ, ಧ್ವನಿ, ಆಟ ಎಲ್ಲವನ್ನೂ ಪುಟ್ಟ ಕಡತವೊಂದರಲ್ಲಿ ತುಂಬಿ ತಂದ ಅದರ ಸಾಧನೆಯನ್ನು ಈಗ ಹಳಿಯುವವರೂ ಅಲ್ಲಗಳೆಯಲಾರರು. ಆದರೆ ಅದನ್ನು ನುಡಿಸುತ್ತಿದ್ದುದು ಬ್ರೌಸರ್ ಅಲ್ಲ, ಒಂದೇ ಸಂಸ್ಥೆಯ ಪ್ಲಗಿನ್, ಅಂದರೆ ಬ್ರೌಸರ್‌ಗೆ ಹೊರಗಿನಿಂದ ಜೋಡಿಸುವ ತಂತ್ರಾಂಶ. ಐಫೋನ್ ಅದನ್ನು ಒಳಗೆ ಬಿಟ್ಟುಕೊಳ್ಳಲೇ ಇಲ್ಲ. 2020ರ ಡಿಸೆಂಬರ್ 31ರಂದು ಅದರ ಬೆಂಬಲವೂ ಮುಗಿದಾಗ, ಪುಟದ ಮೆನು ಪಟ್ಟಿಗಳನ್ನು ಕೂಡ ಫ್ಲ್ಯಾಶ್‌ನಲ್ಲೇ ಕಟ್ಟಿಕೊಂಡಿದ್ದ ತಾಣಗಳಲ್ಲಿ ಬೂದುಬಣ್ಣದ ಚೌಕವೊಂದೇ ಉಳಿಯಿತು.

ಇಂದು ಆ ಕೆಲಸ ಮಾಡುವ ಎಸ್‌ವಿಜಿ ಎಂಬ ವೆಕ್ಟರ್ ಚಿತ್ರವಿಧಾನ ಯಾರೊಬ್ಬರ ಸೊತ್ತೂ ಅಲ್ಲ. ವಿಶ್ವವ್ಯಾಪಿ ಜಾಲದ ಮಾನಕಗಳನ್ನು ರೂಪಿಸುವ ಡಬ್ಲ್ಯೂ3ಸಿ ಒಕ್ಕೂಟ ಅದನ್ನು 2001ರಲ್ಲಿ ಅಂಗೀಕರಿಸಿತು. ಎಸ್‌ವಿಜಿ ಕಡತವನ್ನು ತೆರೆದರೆ ಕಾಣುವುದು ಓದಬಹುದಾದ ಪಠ್ಯ. ಅದನ್ನು ಪುಟವನ್ನು ಕಟ್ಟುವ ಸಂಕೇತದೊಳಗೇ ನೇರವಾಗಿ ಬರೆದರೆ ಒಂದೊಂದು ಗೆರೆಯನ್ನೂ ಪುಟದ ಶೈಲಿಯನ್ನು ಹೇಳುವ ಸಿಎಸ್‌ಎಸ್‌ನಿಂದಲೋ ಪುಟದಲ್ಲಿ ಓಡುವ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಂ ಭಾಷೆಯಿಂದಲೋ ಅಲುಗಿಸಬಹುದು. ಸಾಮಾನ್ಯ ಚಿತ್ರದಂತೆ, ಹೊರಗಿನ ಚಿತ್ರವನ್ನು ಪುಟಕ್ಕೆ ತರುವ ಇಮೇಜ್ ಟ್ಯಾಗ್‌ನಲ್ಲಿ ಕೂರಿಸಿದರೆ ಕಡತದೊಳಗೇ ಬರೆದಿಟ್ಟ ಚಲನೆ ನಡೆಯುತ್ತದೆಯೇ ಹೊರತು, ಪುಟದ ಶೈಲಿ ಒಳಗೆ ತಲುಪುವುದಿಲ್ಲ, ಸ್ಕ್ರಿಪ್ಟೂ ಓಡುವುದಿಲ್ಲ. ಹೊಸಬರು ಗಂಟೆಗಟ್ಟಲೆ ತಲೆ ಕೆರೆದುಕೊಳ್ಳುವುದು ಬಹುಮಟ್ಟಿಗೆ ಇಲ್ಲಿಯೇ. ಹೆಚ್ಚು ನುಣುಪಾದ ಕೆಲಸಕ್ಕೆ 2017ರಲ್ಲಿ ಏರ್‌ಬಿಎನ್‌ಬಿ ಸಂಸ್ಥೆ ಮುಕ್ತವಾಗಿ ಹಂಚಿದ ಲಾಟಿ ಎಂಬ ಅನಿಮೇಷನ್ ವಿಧಾನ ಇದೆ. ನೆರಳುಚಿತ್ರಗಳ ಜರ್ಮನ್ ಕಲಾವಿದೆ ಲೊಟ್ಟೆ ರೈನಿಗರ್ ಅವರ ನೆನಪಿನ ಹೆಸರದು. ಆದರೆ ಅದಕ್ಕೊಂದು ಪ್ರತ್ಯೇಕ ಪ್ಲೇಯರ್ ಬೇಕು. ಅಲುಗಾಡುವ ಗಂಟೆಯ ಗುರುತೊಂದಕ್ಕಾಗಿ ಅಷ್ಟನ್ನು ಓದುಗರ ಮೇಲೆ ಹೇರುವುದು ನನಗೆ ದುಂದೆನಿಸುತ್ತದೆ.

ಚಲನೆ ತಡವರಿಸದಿರಲು ಅನೇಕ ಪರದೆಗಳಲ್ಲಿ ಸೆಕೆಂಡಿಗೆ 60 ಚೌಕಟ್ಟುಗಳು ಮೂಡಬೇಕು, ಅಂದರೆ ಒಂದಕ್ಕೆ ಸುಮಾರು 16 ಮಿಲಿಸೆಕೆಂಡು. ಒಂದು ಆಕೃತಿಯ ಅಗಲವನ್ನು ಬದಲಿಸುತ್ತ ಹೋದರೆ ಬ್ರೌಸರ್ ಪ್ರತಿ ಬಾರಿಯೂ ಪುಟದ ವಿನ್ಯಾಸವನ್ನು ಮತ್ತೆ ಲೆಕ್ಕ ಹಾಕಬೇಕಾಗಬಹುದು. ಆಕೃತಿಯನ್ನು ಸರಿಸುವ, ತಿರುಗಿಸುವ, ಹಿಗ್ಗಿಸುವ ಟ್ರಾನ್ಸ್‌ಫಾರ್ಮ್ ಮತ್ತು ಅದರ ಪಾರದರ್ಶಕತೆಯನ್ನು ನಿರ್ಧರಿಸುವ ಒಪ್ಯಾಸಿಟಿಗಳನ್ನು ಮಾತ್ರ ಬದಲಿಸಿದರೆ ಆ ಹೊರೆ ಬಹುಪಾಲು ತಪ್ಪುತ್ತದೆ.

ಮನುಷ್ಯರ ಮುಖ, ಮೋಡ, ನೀರು ಇವು ವೆಕ್ಟರಿಗೆ ಒಗ್ಗುವುದಿಲ್ಲ. ಛಾಯಾಚಿತ್ರವನ್ನು ಗೆರೆಗಳಾಗಿ ಪರಿವರ್ತಿಸುವ ಸಾಹಸಕ್ಕೆ ಇಳಿದರೆ ಸಾವಿರಾರು ತುಣುಕುಗಳು ಹುಟ್ಟಿ, ಕಡತ ಮೂಲಚಿತ್ರಕ್ಕಿಂತ ದಪ್ಪವಾಗುವುದುಂಟು. ಅಲ್ಲಿ ವೀಡಿಯೊವೇ ಸರಿ. ಅದಕ್ಕೊಂದು ಮುಖಚಿತ್ರವಿರಲಿ, ಮಾತಿದ್ದರೆ ಅಡಿಬರಹವಿರಲಿ. ಪುಟ ತೆರೆದೊಡನೆ ಧ್ವನಿ ಮೊಳಗುವುದನ್ನು ಈಗಿನ ಬ್ರೌಸರ್‌ಗಳು ಸಾಮಾನ್ಯವಾಗಿ ತಡೆಯುತ್ತವೆ, ಒಳ್ಳೆಯದೇ ಆಯಿತು.

ಚಲಿಸುವ ಚಿತ್ರ ಕೆಲವರಿಗೆ ತಲೆಸುತ್ತು ತರುತ್ತದೆ. ತಾನಾಗಿ ಆರಂಭವಾಗಿ ಇತರ ವಿಷಯದ ಪಕ್ಕದಲ್ಲಿ 5 ಸೆಕೆಂಡುಗಳಿಗಿಂತ ಹೆಚ್ಚು ಕಾಲ ನಡೆಯುವ ಚಲನೆಯನ್ನು ನಿಲ್ಲಿಸುವ ಅವಕಾಶವಿರಬೇಕೆಂದು ಡಬ್ಲ್ಯೂ3ಸಿಯ ಸುಲಭಗಮ್ಯತೆಯ ಮಾರ್ಗಸೂಚಿ ಹೇಳುತ್ತದೆ. ಚಲನೆ ಕಡಿಮೆಯಿರಲಿ ಎಂದು ಬಳಕೆದಾರರು ತಮ್ಮ ಸಾಧನದಲ್ಲಿ ಆರಿಸಿದ್ದರೆ ಅದನ್ನು ಸಿಎಸ್‌ಎಸ್ ಮೂಲಕ ತಿಳಿದು ಸ್ಥಿರಚಿತ್ರವನ್ನಷ್ಟೇ ತೋರಿಸಬಹುದು. ಹಾಗೆ ತೋರಿಸುವಾಗ ಚಲನೆಯ ಮೊದಲ ಚೌಕಟ್ಟನ್ನಲ್ಲ, ಕೊನೆಯದನ್ನು ಆರಿಸಿ. ತಾನೇ ಬರೆದುಕೊಳ್ಳುತ್ತ ಮೂಡುವ ಗೆರೆಚಿತ್ರದ ಮೊದಲ ಚೌಕಟ್ಟಿನಲ್ಲಿ ಇರುವುದು ಬರಿಯ ಖಾಲಿ ಜಾಗ.

ನಮಸ್ಕಾರ.